ಕಣ್ಣು ಕಟ್ಟುವ ಗುಂಪು: ಯಂತ್ರದ ಫಲಕದಿಂದ ಮತಪತ್ರದವರೆಗೆ

ಬೆಳಗಾವಿಯಿಂದ ಖಾನಾಪುರದತ್ತ ಹೊರಟ ರಸ್ತೆಯಲ್ಲಿ ಪೇಟೆಯ ಗದ್ದಲ ತುಸು ಹಿಂದಾಗುತ್ತಿದ್ದಂತೆ ಉದ್ಯಮಬಾಗ ಸಿಗುತ್ತದೆ. ಎರಕದ ಫೌಂಡ್ರಿಗಳು, ಲೇಥ್ ಯಂತ್ರಗಳ ಶೆಡ್ಡುಗಳು, ಹೈಡ್ರಾಲಿಕ್ ಸಾಧನಗಳನ್ನೂ ವಾಹನಗಳ ಬಿಡಿಭಾಗಗಳನ್ನೂ ಮಾಡುವ ಕಾರ್ಖಾನೆಗಳು, ಇವುಗಳ ಮಗ್ಗುಲಲ್ಲೇ ಗೋಗಟೆ ತಾಂತ್ರಿಕ ವಿದ್ಯಾಲಯ. ಇಲ್ಲಿ ಕನ್ನಡ, ಮರಾಠಿ, ಹಿಂದಿ ಒಂದೇ ಶೆಡ್ಡಿನಲ್ಲಿ ಕೇಳಿಬರುತ್ತವೆ. ಆದರೆ ಯಂತ್ರದ ಮೈಮೇಲೆ ಕೆತ್ತಿದ ಅಕ್ಷರ ಹೆಚ್ಚಾಗಿ ಇಂಗ್ಲಿಷಿನದು. ಅದನ್ನು ಓದಲು ಬಾರದವನೂ ಯಂತ್ರವನ್ನು ಸಲೀಸಾಗಿ ನಡೆಸುತ್ತಾನೆ. ಹೇಗೆ ಎಂಬ ಪ್ರಶ್ನೆ ನೋಡಲು ಸಣ್ಣದು. ಉತ್ತರ ಅಷ್ಟು ಸಣ್ಣದಲ್ಲ.

ಈಗಿನ ಸಿ.ಎನ್.ಸಿ. ಲೇಥ್ ಒಂದರ ಫಲಕವನ್ನು ಗಮನಿಸಿ. ಮೇಲೆ ಪರದೆ. ಅದರ ಕೆಳ ಅಂಚಿಗೆ ಅಂಟಿಕೊಂಡಂತೆ ಒಂದು ಸಾಲು ಗುಂಡಿಗಳು. ಅವು ಪರದೆಗೆ ಸೇರಿದವು ಎಂದು ಯಾರೂ ಹೇಳಬೇಕಾಗಿಲ್ಲ. ಪಕ್ಕದಲ್ಲಿ ಅಂಕಿ-ಅಕ್ಷರಗಳ ಒತ್ತೊತ್ತಾದ ಕೀಲಿಗಳು. ಇನ್ನೊಂದು ಕಡೆ ನಾಲ್ಕು ಬಾಣಗಳು, ಕೂಡಿಸುವ ಚಿಹ್ನೆಯ ಆಕಾರದಲ್ಲಿ. ಉಳಿಯನ್ನು ಯಾವ ದಿಕ್ಕಿಗೆ ಸರಿಸಬೇಕೋ ಆ ದಿಕ್ಕಿನ ಬಾಣ. ಇವೆಲ್ಲವುಗಳಿಂದ ದೂರವಾಗಿ, ಹಳದಿ ವೃತ್ತದ ನಡುವೆ ಅಣಬೆಯಂತೆ ಮೇಲೆದ್ದ ಕೆಂಪು ಗುಂಡಿ: ಅಪಾಯ ಬಂದರೆ ಗುದ್ದಿ ನಿಲ್ಲಿಸುವುದು. ಅದು ಯಾವ ಗುಂಪಿಗೂ ಸೇರಿಲ್ಲ. ಸೇರಬಾರದು ಎಂತಲೇ ಹಾಗೆ ಇಟ್ಟಿದ್ದಾರೆ.

ಅಕ್ಷರ ಓದುವುದಕ್ಕೆ ಮುಂಚೆಯೇ ಕಣ್ಣು ಒಂದು ಕೆಲಸ ಮುಗಿಸಿರುತ್ತದೆ. ಎದುರಿಗಿರುವ ಹತ್ತಾರು ವಸ್ತುಗಳಲ್ಲಿ ಯಾವುದು ಯಾವುದರ ಜೊತೆಗಿನದು ಎಂದು ವಿಂಗಡಿಸಿ ಬುದ್ಧಿಯ ಕೈಗೆ ಕೊಡುತ್ತದೆ. ಈ ವಿಂಗಡಣೆಯನ್ನು ನಾವು ಮಾಡುತ್ತಿದ್ದೇವೆ ಎಂಬ ಅರಿವೂ ನಮಗಿರುವುದಿಲ್ಲ.

ಮನೆಯಲ್ಲೇ ಪರೀಕ್ಷಿಸಬಹುದು. ಒಂದು ತಟ್ಟೆಯಲ್ಲಿ ಹದಿನಾರು ಕಡಲೆಕಾಳುಗಳನ್ನು ನಾಲ್ಕು ಸಾಲು, ನಾಲ್ಕು ಕಂಬಗಳಾಗಿ ಸಮ ಅಂತರದಲ್ಲಿ ಇಡಿ. ಚುಕ್ಕಿ ರಂಗೋಲಿಗೆ ಚುಕ್ಕಿ ಇಟ್ಟಂತೆ. ಅಡ್ಡಸಾಲು ಎಂದರೆ ಅಡ್ಡಸಾಲು, ಉದ್ದಸಾಲು ಎಂದರೆ ಉದ್ದಸಾಲು. ಕಣ್ಣು ಎರಡಕ್ಕೂ ಒಪ್ಪುತ್ತದೆ. ಈಗ ಮೊದಲ ಎರಡು ಕಂಬಗಳನ್ನು ಬೆರಳಗಲದಷ್ಟು ಹತ್ತಿರ ಸರಿಸಿ, ಕೊನೆಯ ಎರಡನ್ನೂ ಹಾಗೆಯೇ ಮಾಡಿ. ಅಡ್ಡಸಾಲು ಮಾಯವಾಗಿ ಎರಡು ಜೋಡಿ ಕಂಬಗಳು ಎದ್ದು ಕಾಣುತ್ತವೆ. ಅಂತರವನ್ನು ಮತ್ತೆ ಸಮ ಮಾಡಿ, ಒಂದು ಬಿಟ್ಟು ಒಂದು ಅಡ್ಡಸಾಲಿನಲ್ಲಿ ಕಡಲೆಯ ಬದಲು ಹೆಸರುಕಾಳು ಇಡಿ. ಈಗ ಅಡ್ಡಸಾಲುಗಳೇ ಗೆಲ್ಲುತ್ತವೆ. ಕೊನೆಗೆ, ಯಾವುದೇ ನಾಲ್ಕು ಕಾಳುಗಳ ಸುತ್ತ ಒಂದು ಬಳೆ ಇಟ್ಟು ನೋಡಿ. ಕಡಲೆಯೋ ಹೆಸರೋ, ಹತ್ತಿರವೋ ದೂರವೋ, ಬಳೆಯೊಳಗಿನವು ಒಂದೇ ಮನೆಯವಾಗಿಬಿಡುತ್ತವೆ.

ಸಾಮೀಪ್ಯ, ಸಾದೃಶ್ಯ, ಆವರಣ: ಈ ಮೂರು ಕಟ್ಟಳೆಗಳಲ್ಲಿ ಮೊದಲೆರಡನ್ನು ಶಾಸ್ತ್ರವಾಗಿ ಬರೆದಿಟ್ಟವನು ಮ್ಯಾಕ್ಸ್ ವರ್ಟೈಮರ್. 1910ರಲ್ಲಿ ರಜೆಗೆಂದು ರೈಲಿನಲ್ಲಿ ಹೊರಟಿದ್ದ ಈತ ಚಲನೆಯ ಭ್ರಮೆಯ ಬಗ್ಗೆ ಏನೋ ಹೊಳೆದು ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಇಳಿದು, ಸ್ಥಿರ ಚಿತ್ರಗಳನ್ನು ಓಡುವಂತೆ ತೋರಿಸುವ ಒಂದು ಮಕ್ಕಳ ಆಟಿಕೆ ಕೊಂಡುಕೊಂಡನಂತೆ. ಅಲ್ಲಿಂದ ಶುರುವಾದ ಪ್ರಯೋಗಗಳು 1912ರಲ್ಲಿ ಪ್ರಕಟವಾದವು. ಪ್ರಯೋಗಕ್ಕೆ ಕಣ್ಣು ಕೊಟ್ಟ ಕೋಹ್ಲರ್, ಕೋಫ್ಕ ಇಬ್ಬರೂ ಮುಂದೆ ಗೆಸ್ಟಾಲ್ಟ್ ಎಂದು ಹೆಸರಾದ ಮನಶ್ಶಾಸ್ತ್ರ ಪಂಥದ ಸ್ತಂಭಗಳಾದರು. ಗೆಸ್ಟಾಲ್ಟ್ ಎಂದರೆ ಜರ್ಮನ್ ಭಾಷೆಯಲ್ಲಿ ರೂಪ, ಆಕೃತಿ. ಬಿಡಿ ಚುಕ್ಕಿಗಳು ಯಾವಾಗ ಗುಂಪಾಗುತ್ತವೆ ಎಂಬುದನ್ನು ಚುಕ್ಕಿಗಳ ಚಿತ್ರಗಳಿಂದಲೇ ತೋರಿಸಿದ ವರ್ಟೈಮರನ ಲೇಖನ ಬಂದದ್ದು 1923ರಲ್ಲಿ. ಮೂರನೆಯದಾದ ಆವರಣದ ಕಟ್ಟಳೆಗೆ ಹೆಸರು ಸಿಕ್ಕಿದ್ದು ಬಹಳ ತಡವಾಗಿ; ಅಮೆರಿಕದ ಸ್ಟೀಫನ್ ಪಾಮರ್ 1992ರಲ್ಲಿ ಅದನ್ನು ವಿವರಿಸಿದ. ಗೆರೆ ಎಳೆದು ಪಾಲು ಮಾಡುವ ರೈತನಿಗೆ ಇದರಲ್ಲಿ ಹೊಸತೇನೂ ಕಾಣಲಾರದು, ಆ ಮಾತು ಬೇರೆ.

ಕನ್ನಡ ಶಾಲೆಯ ಗೋಡೆಯ ಮೇಲಿನ ವರ್ಣಮಾಲೆಯ ಪಟವೂ ಇದೇ ಕಟ್ಟಳೆಯ ಮೇಲೆ ನಿಂತಿದೆ. ಕ-ಖ-ಗ-ಘ-ಙ ಎಂದು ಐದೈದರ ಐದು ಸಾಲು. ಗಂಟಲಿನಿಂದ ತುಟಿಯವರೆಗೆ ನಾಲಿಗೆಯ ಪಯಣವನ್ನು ಸಾಲುಗಳೇ ಹೇಳುತ್ತವೆ. ಅಲ್ಪಪ್ರಾಣ, ಮಹಾಪ್ರಾಣ, ಅನುನಾಸಿಕಗಳನ್ನು ಕಂಬಗಳು ಹೇಳುತ್ತವೆ. ಅದೇ ಇಪ್ಪತ್ತೈದು ಅಕ್ಷರಗಳನ್ನು ಒಂದೇ ಗೆರೆಯಲ್ಲಿ ಬರೆದಿಟ್ಟರೆ ಅಕ್ಷರ ಉಳಿದೀತು, ಈ ಜ್ಞಾನ ಕಣ್ಣಿಗೆ ಕಾಣದು.

ಹೀಗೆ ಗುಂಪು ಕಟ್ಟುವುದು ಕಣ್ಣಿನ ಶಕ್ತಿ. ಅದೇ ಅದರ ದೌರ್ಬಲ್ಯವೂ ಹೌದು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಬಿ-17 ಬಾಂಬರುಗಳು ಸುರಕ್ಷಿತವಾಗಿ ನೆಲಕ್ಕಿಳಿದ ಮೇಲೆ, ಓಡುಹಾದಿಯಲ್ಲೇ ಹೊಟ್ಟೆಯ ಮೇಲೆ ಕುಸಿದು ಬೀಳುವ ವಿಚಿತ್ರ ಸಂಗತಿ ಮತ್ತೆ ಮತ್ತೆ ನಡೆಯಿತು. ರೆಕ್ಕೆಯ ಫ್ಲಾಪುಗಳನ್ನು ಮಡಿಸಲು ಹೋದ ಪೈಲಟ್, ಚಕ್ರಗಳನ್ನು ಮಡಿಸಿಬಿಡುತ್ತಿದ್ದ. ಪೈಲಟನ ತಪ್ಪು ಎಂದು ಕಡತ ಮುಚ್ಚುವುದು ಸುಲಭವಿತ್ತು. ಆದರೆ ವಾಯುಪಡೆಯಲ್ಲಿದ್ದ ಮನಶ್ಶಾಸ್ತ್ರಜ್ಞ ಆಲ್ಫೋನ್ಸ್ ಚಾಪಾನಿಸ್ ವಿಮಾನದ ಒಳಹೊಕ್ಕು ನೋಡಿದ. ಎರಡು ಕೆಲಸಗಳ ಎರಡು ಸ್ವಿಚ್ಚುಗಳು ಅಕ್ಕಪಕ್ಕ ಇದ್ದವು, ನೋಡಲು ತದ್ರೂಪವಾಗಿದ್ದವು. ಸಿ-47 ವಿಮಾನದಲ್ಲಿ ಅವು ಬೇರೆ ಬೇರೆ ತೆರನಾಗಿದ್ದವು. ಅಲ್ಲಿ ಈ ತಪ್ಪೇ ಇರಲಿಲ್ಲ. ಚಾಪಾನಿಸ್ ಮಾಡಿದ್ದಿಷ್ಟು: ಚಕ್ರದ ಸ್ವಿಚ್ಚಿಗೆ ಒಂದು ಪುಟ್ಟ ರಬ್ಬರ್ ಚಕ್ರ, ಫ್ಲಾಪಿನದಕ್ಕೆ ಒಂದು ಬೆಣೆ ಅಂಟಿಸಿದ. ಕತ್ತಲಲ್ಲೂ ಬೆರಳಿಗೆ ವ್ಯತ್ಯಾಸ ತಿಳಿಯಿತು, ಅಪಘಾತಗಳು ನಿಂತವು. ಯುದ್ಧ ಮುಗಿದ ಮೇಲೆ, 1947ರಲ್ಲಿ, ಪಾಲ್ ಫಿಟ್ಸ್ ಮತ್ತು ರಿಚರ್ಡ್ ಜೋನ್ಸ್ ಪೈಲಟರ ಇಂಥ 460 ತಪ್ಪುಗಳನ್ನು ಕಲೆಹಾಕಿ ವಿಂಗಡಿಸಿದಾಗ, ಅರ್ಧದಷ್ಟು ತಪ್ಪುಗಳು ಒಂದರ ಬದಲು ಇನ್ನೊಂದನ್ನು ಹಿಡಿದದ್ದರಿಂದ ಆದವೇ ಆಗಿದ್ದವು.

ಇದಕ್ಕೆ ಯುದ್ಧವಿಮಾನವೇ ಬೇಕೆಂದಿಲ್ಲ. ನಮ್ಮ ಮನೆಗಳ ಸ್ವಿಚ್ ಬೋರ್ಡು ಸಾಕು. ಒಂದೇ ತೆರನಾದ ಎಂಟು ಸ್ವಿಚ್ಚುಗಳು ಒಂದೇ ಸಾಲಿನಲ್ಲಿ. ಅದರಲ್ಲಿ ಫ್ಯಾನಿನದು ಯಾವುದೆಂದು ಬಂದ ನೆಂಟರಿಗಿರಲಿ, ಮನೆಯವರಿಗೂ ಒಮ್ಮೊಮ್ಮೆ ಗೊತ್ತಾಗದು. ನಾಲ್ಕು ಒಲೆಗಳ ಗ್ಯಾಸ್ ಸ್ಟೌವಿನದೂ ಇದೇ ಪಾಡು. ಒಲೆಗಳು ಚೌಕಾಕಾರದಲ್ಲಿ, ತಿರುಗಣೆಗಳು ಒಂದೇ ಗೆರೆಯಲ್ಲಿ. ಹಿಂದಿನ ಎಡ ಒಲೆಗೆ ಸೇರಿದ ತಿರುಗಣೆ ಯಾವುದು? ಇದೇ ಚಾಪಾನಿಸ್ ತನ್ನ ಸಹೋದ್ಯೋಗಿಯೊಬ್ಬನ ಜೊತೆ 1959ರಲ್ಲಿ ಇದನ್ನೂ ಪರೀಕ್ಷಿಸಿದ್ದ. ಒಲೆಗಳನ್ನು ತುಸು ಓರೆಯಾಗಿ, ಒಂದೊಂದು ತಿರುಗಣೆಗೆ ಒಂದೊಂದು ಒಲೆ ನೇರ ಬರುವಂತೆ ಸರಿಸಿದರೆ ತಪ್ಪುಗಳು ಇಲ್ಲವಾದವು.

ಕಾರ್ಖಾನೆಯಲ್ಲಿ ತಪ್ಪಿನ ಬೆಲೆ ಹೆಚ್ಚು. ತಗಡು ಕತ್ತರಿಸುವ, ಒತ್ತಿ ಆಕಾರ ಕೊಡುವ ಪವರ್ ಪ್ರೆಸ್ಸಿನಲ್ಲಿ ಬೆರಳು ಕಳೆದುಕೊಂಡವರ ಕಥೆ ಕೈಗಾರಿಕೆಯ ಊರುಗಳಿಗೆ ಹೊಸದಲ್ಲ. ಅದಕ್ಕೆ ಕಂಡುಕೊಂಡ ಪರಿಹಾರಗಳಲ್ಲಿ ಒಂದು, ಸಾಮೀಪ್ಯದ ಕಟ್ಟಳೆಯನ್ನು ಬೇಕೆಂದೇ ಮುರಿಯುವುದು. ಒಂದೇ ಕೆಲಸಕ್ಕೆ ಎರಡು ಗುಂಡಿ; ಎರಡೂ ಒಂದರಿಂದ ಒಂದು ದೂರ, ಒಂದೇ ಅಂಗೈಗೆ ಎಟುಕದಷ್ಟು ದೂರ. ಎರಡು ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಪ್ರೆಸ್ ಇಳಿಯುತ್ತದೆ. ಎರಡೂ ಕೈ ಗುಂಡಿಗಳ ಮೇಲಿರುವಾಗ ಅಚ್ಚಿನ ಕೆಳಗೆ ಬೆರಳು ಇರಲಾರದು. ಕೆಲಸ ಬೇಗ ಮುಗಿಯಲೆಂದು ಒಂದು ಗುಂಡಿಯನ್ನು ಕಡ್ಡಿ ಸಿಕ್ಕಿಸಿ ಒತ್ತಿಯೇ ಇಡುವ ಜಾಣತನ ಎಲ್ಲ ಕಡೆ ಇದ್ದದ್ದೇ. ಹಾಗಾಗಿ ಈಗಿನ ಯಂತ್ರಗಳಲ್ಲಿ ಎರಡನ್ನೂ ಒಂದೇ ಕ್ಷಣದಲ್ಲಿ ಒತ್ತಬೇಕೆಂಬ ಏರ್ಪಾಡು ಇರುತ್ತದೆ.

ಉದ್ಯಮಬಾಗದ ಕಾರ್ಮಿಕ ದಿನವೂ ಎದುರಿಸುವ ಫಲಕ ಇದಾದರೆ, ಕೆಲವು ವರ್ಷಗಳಿಗೊಮ್ಮೆ ಎದುರಿಸುವ ಇನ್ನೊಂದು ಫಲಕವಿದೆ. ಅಲ್ಲಿ ಅಭ್ಯಾಸಕ್ಕೆ ಅವಕಾಶವಿಲ್ಲ, ಪಕ್ಕದಲ್ಲಿ ಹೇಳಿಕೊಡುವ ಹಳೆಯ ಕೈಯೂ ಇಲ್ಲ. ಮರೆಯ ಹಿಂದೆ ಒಬ್ಬನೇ ನಿಂತು, ಒಂದೇ ಸಲ, ತಪ್ಪದೆ ಮುಗಿಸಬೇಕು. ಅದು ಮತಪತ್ರ. ಕಣ್ಣಿನ ಗುಂಪುಗಾರಿಕೆಗೂ ಪ್ರಜಾಪ್ರಭುತ್ವಕ್ಕೂ ಇರುವ ನಂಟನ್ನು ಬೆಳಗಾವಿಯಷ್ಟು ಚೆನ್ನಾಗಿ ಕಂಡ ಊರು ದೇಶದಲ್ಲಿ ಹೆಚ್ಚಿಲ್ಲ.

1951-52ರ ಮೊದಲ ಮಹಾಚುನಾವಣೆಯ ಹೊತ್ತಿಗೆ ಬೆಳಗಾವಿ ಮುಂಬಯಿ ರಾಜ್ಯದಲ್ಲಿತ್ತು. ದೇಶದಲ್ಲಿ ಸುಮಾರು 17.3 ಕೋಟಿ ಮತದಾರರು, ಬಹುಪಾಲು ನಿರಕ್ಷರಿಗಳು. ಚುನಾವಣಾ ಆಯುಕ್ತ ಸುಕುಮಾರ ಸೇನರ ಮುಂದಿದ್ದ ಪ್ರಶ್ನೆ ಉದ್ಯಮಬಾಗದ ಯಂತ್ರದ ಪ್ರಶ್ನೆಯೇ: ಓದದವನು ತಪ್ಪದೆ ಆರಿಸುವುದು ಹೇಗೆ? ಆಗ ಕಂಡ ಉತ್ತರ ಕಣ್ಣಿಗೆ ಅತ್ಯಂತ ಹಗುರವಾದದ್ದು. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಅವನ ಚಿಹ್ನೆ. ಮತಪತ್ರದ ಮೇಲೆ ಏನೂ ಗುರುತು ಮಾಡಬೇಕಿಲ್ಲ. ಬೇಕಾದ ಪೆಟ್ಟಿಗೆಗೆ ಹಾಕಿದರಾಯಿತು. ಆವರಣದ ಕಟ್ಟಳೆಗೆ ಇದಕ್ಕಿಂತ ಗಟ್ಟಿ ಉದಾಹರಣೆ ಎಲ್ಲಿ? ಗೆರೆಯ ಬದಲು ಉಕ್ಕಿನ ಗೋಡೆ. 1957ರಲ್ಲೂ ಇದೇ ಪದ್ಧತಿ. 1962ರ ಹೊತ್ತಿಗೆ ಎಲ್ಲರ ಹೆಸರು-ಚಿಹ್ನೆಗಳು ಒಂದೇ ಕಾಗದಕ್ಕೆ ಬಂದವು, ಮತದಾರನ ಕೈಗೆ ಮುದ್ರೆ ಬಂತು. ಪೆಟ್ಟಿಗೆಗಳ ನಡುವಿನ ದೂರ ಹೋಗಿ ಕಾಗದದ ಮೇಲಿನ ಗೆರೆಗಳು ಉಳಿದವು.

ಆ ಕಾಗದ ಎಷ್ಟು ಹೊರೆ ತಾಳಬಲ್ಲದು ಎಂಬುದಕ್ಕೆ ಪರೀಕ್ಷೆ ಬಂದದ್ದು 1996ರಲ್ಲಿ. ಆ ವರ್ಷದ ಲೋಕಸಭಾ ಚುನಾವಣೆಯಲ್ಲಿ ಬೆಳಗಾವಿ ಕ್ಷೇತ್ರದ ಕಣದಲ್ಲಿ ಉಳಿದವರು 456 ಮಂದಿ. ಗೆಲ್ಲುವ ಆಸೆಗಿಂತ ಪ್ರತಿಭಟನೆಗೆಂದೇ ನಾಮಪತ್ರ ಸಲ್ಲಿಸುವ ಕ್ರಮ ಆಗ ಹಲವೆಡೆ ಕಂಡುಬಂದಿತ್ತು. ಅದೇ ಚುನಾವಣೆಯಲ್ಲಿ, ಫ್ಲೋರೈಡ್ ನೀರಿನ ಪಿಡುಗಿನತ್ತ ದೇಶದ ಗಮನ ಸೆಳೆಯಲೆಂದು ಆಂಧ್ರದ ನಲ್ಗೊಂಡದಲ್ಲಿ 480 ಮಂದಿ ನಿಂತಿದ್ದರು. ತಮಿಳುನಾಡಿನ ಮೊದಕುರಿಚಿ ವಿಧಾನಸಭಾ ಕ್ಷೇತ್ರದಲ್ಲಂತೂ 1033 ಅಭ್ಯರ್ಥಿಗಳು.

ಪ್ರತಿಭಟನೆಯ ನ್ಯಾಯಾನ್ಯಾಯ ಬೇರೆ ವಿಚಾರ. ಮತದಾರನ ಕಣ್ಣಿನ ಕಡೆಯಿಂದ ಇದನ್ನು ನೋಡಬೇಕು. ಒಬ್ಬೊಬ್ಬ ಅಭ್ಯರ್ಥಿಗೆ ಎರಡೇ ಸೆಂಟಿಮೀಟರ್ ಎತ್ತರದ ಜಾಗ ಕೊಟ್ಟರೂ 456 ಸಾಲುಗಳು ಒಂಬತ್ತು ಮೀಟರಿಗಿಂತ ಉದ್ದ. ಒಂದು ಸೀರೆಗಿಂತಲೂ ಉದ್ದ. ನಾಲ್ಕು ಕಂಬಗಳಾಗಿ ಮುರಿದರೂ ಆಳೆತ್ತರ ಮೀರುತ್ತದೆ. ಅಷ್ಟರಲ್ಲಿ ತನ್ನವನನ್ನು ಹುಡುಕುವುದು ಹೇಗೆ? ಅಂದಿನ ನಿಯಮದಂತೆ ಎಲ್ಲರ ಹೆಸರೂ ಒಂದೇ ಅಕಾರಾದಿಯಲ್ಲಿ ಬರುತ್ತಿದ್ದವು. ಅಕಾರಾದಿ ಎಂಬುದು ಓದುಬಲ್ಲವನ ಗುಂಪು. ಮೊದಲ ಅಕ್ಷರ ಒಂದಾದವರೆಲ್ಲ ಒಂದೆಡೆ. ಓದು ಬಾರದವನಿಗೆ ಚಿಹ್ನೆಯೇ ಗತಿ. ಆದರೆ ನೂರಾರು ಚಿಹ್ನೆಗಳು ಒಂದೇ ಅಳತೆಯ ಚೌಕಗಳಲ್ಲಿ, ಒಂದೇ ಕಪ್ಪು ಶಾಯಿಯಲ್ಲಿ ಸಾಲುಗಟ್ಟಿದಾಗ ಯಾವುದೂ ಎದ್ದು ಕಾಣದು. ಕಾಳುಗಳ ತಟ್ಟೆಯಲ್ಲಿ ಎಲ್ಲವೂ ಕಡಲೆಯೇ ಆದಂತೆ.

ಅದೇ ವರ್ಷ ಸಂಸತ್ತು ಪ್ರಜಾಪ್ರಾತಿನಿಧ್ಯ ಕಾಯ್ದೆಯನ್ನು ತಿದ್ದಿತು. ಇದಕ್ಕೆ ಬೆಳಗಾವಿಯೊಂದೇ ಕಾರಣವೆಂದಲ್ಲ, ಸುಧಾರಣೆಯ ಮಾತು ವರ್ಷಗಳಿಂದ ನಡೆದಿತ್ತು. ಲೋಕಸಭೆಗೆ ಠೇವಣಿ 500 ರೂಪಾಯಿಯಿಂದ 10,000ಕ್ಕೆ ಏರಿತು, ಮಾನ್ಯತೆ ಪಡೆದ ಪಕ್ಷಗಳಿಗೆ ಸೇರದವರಿಗೆ ಹತ್ತು ಮಂದಿ ಸೂಚಕರು ಬೇಕೆಂದಾಯಿತು. 1996ರಲ್ಲಿ ದೇಶದಾದ್ಯಂತ 13,952 ಇದ್ದ ಅಭ್ಯರ್ಥಿಗಳ ಸಂಖ್ಯೆ 1998ರಲ್ಲಿ 4,750ಕ್ಕೆ ಇಳಿಯಿತು. ಪತ್ರಿಕೆಗಳಲ್ಲಿ ಚರ್ಚೆಯಾದದ್ದು ಈ ಭಾಗ. ಆದರೆ ಅದೇ ತಿದ್ದುಪಡಿಯಲ್ಲಿ ಇನ್ನೊಂದು ಸಾಲಿತ್ತು. ಇನ್ನು ಮುಂದೆ ಹೆಸರುಗಳನ್ನು ಮೂರು ಗುಂಪು ಮಾಡಬೇಕು: ಮೊದಲು ಮಾನ್ಯತೆ ಪಡೆದ ಪಕ್ಷಗಳವರು, ಆಮೇಲೆ ನೋಂದಾಯಿತ ಆದರೆ ಮಾನ್ಯತೆ ಇಲ್ಲದ ಪಕ್ಷಗಳವರು, ಕೊನೆಗೆ ಪಕ್ಷೇತರರು, ಅಕಾರಾದಿ ಏನಿದ್ದರೂ ಗುಂಪಿನೊಳಗೆ. ಕಣ್ಣಿನ ಶಾಸ್ತ್ರದ ಒಂದು ಸೂತ್ರ ಹೀಗೆ ದೇಶದ ಶಾಸನವೇ ಆಯಿತು.

ಇದರಲ್ಲೊಂದು ಸೂಕ್ಷ್ಮವಿದೆ. ಅಭ್ಯರ್ಥಿಗಳ ಪಟ್ಟಿಯಲ್ಲಿ ಈ ಮೂರು ಗುಂಪುಗಳಿಗೆ ತಲೆಬರಹವಿರುತ್ತದೆ, ಮತಪತ್ರದಲ್ಲಿ ಇರುವುದಿಲ್ಲ. ಪಕ್ಷದ ಹೆಸರೂ ಇರುವುದಿಲ್ಲ. ಗುಂಪು ಅನುಕ್ರಮದಲ್ಲಿದೆ, ಕಣ್ಣಿಗೆ ಕಾಣುವ ತೆರಪಿನಲ್ಲಿಲ್ಲ. ಮೇಲ್ನೋಟಕ್ಕೆ ಇದು ಅರೆಮನಸ್ಸಿನ ವಿನ್ಯಾಸ. ಆದರೆ ಪಕ್ಷೇತರರ ಮೇಲೆ ಗೆರೆ ಎಳೆದು ತಲೆಬರಹ ಹಾಕಿದರೆ, ಮತಪತ್ರವೇ ಕೆಲವರನ್ನು ಪಂಕ್ತಿಯಾಚೆ ಕೂರಿಸಿದಂತಾಗುತ್ತದೆ. ಗುಂಪು ಮಾಡುವುದೆಂದರೆ ಸುಲಭ ಮಾಡುವುದು ಮಾತ್ರವಲ್ಲ, ತೀರ್ಪು ಕೊಡುವುದೂ ಹೌದು. ಕಾರ್ಖಾನೆಯ ಫಲಕದಲ್ಲಿ ಕೆಂಪು ಗುಂಡಿಗೆ ಪಕ್ಷಪಾತ ತೋರಬಹುದು. ಮತಪತ್ರಕ್ಕೆ ಆ ಸ್ವಾತಂತ್ರ್ಯವಿಲ್ಲ. ತಲೆಬರಹ ಬಿಟ್ಟದ್ದೇ ಸರಿ ಎನ್ನಬೇಕು.

ತೆರಪು, ಗೆರೆಗಳ ಈ ಲೆಕ್ಕ ತಪ್ಪಿದರೆ ಏನಾದೀತು ಎಂಬುದನ್ನು ಅಮೆರಿಕ 2000ದ ಅಧ್ಯಕ್ಷೀಯ ಚುನಾವಣೆಯಲ್ಲಿ ಕಂಡಿತು. ಫ್ಲಾರಿಡದ ಪಾಮ್ ಬೀಚ್ ಕೌಂಟಿಯಲ್ಲಿ ವಯಸ್ಸಾದವರಿಗೆ ಅಕ್ಷರ ದೊಡ್ಡದಾಗಿರಲೆಂಬ ಒಳ್ಳೆಯ ಉದ್ದೇಶದಿಂದ ಹೆಸರುಗಳನ್ನು ಎದುರುಬದಿರು ಎರಡು ಪುಟಗಳಲ್ಲಿ ಹರಡಿ, ತೂತು ಮಾಡುವ ಜಾಗಗಳನ್ನು ನಡುವೆ ಒಂದೇ ಸಾಲಿನಲ್ಲಿ ಇಟ್ಟಿದ್ದರು. ಎಡಪುಟದಲ್ಲಿ ಎರಡನೆಯ ಹೆಸರು ಅಲ್ ಗೋರ್. ಅವರ ತೂತು ಮೂರನೆಯದು. ಎರಡನೆಯ ತೂತು ಬಲಪುಟದ ಪ್ಯಾಟ್ ಬುಕಾನನ್ ಅವರದು. ಆ ಕೌಂಟಿಯಲ್ಲಿ ಬುಕಾನನ್‌ಗೆ 3,400ಕ್ಕೂ ಹೆಚ್ಚು ಮತ ಬಿದ್ದವು. 19,000ಕ್ಕೂ ಹೆಚ್ಚು ಮತಪತ್ರಗಳು ಎರಡೆರಡು ತೂತಿನಿಂದ ಅಸಿಂಧುವಾದವು. ಇಡೀ ಫ್ಲಾರಿಡದಲ್ಲಿ, ಅದರಿಂದಾಗಿ ಇಡೀ ಅಮೆರಿಕದಲ್ಲಿ, ಗೆಲುವು ನಿರ್ಣಯವಾದದ್ದು 537 ಮತಗಳಿಂದ.

ನಮ್ಮ ಮತಯಂತ್ರದಲ್ಲಿ ಆ ಗೊಂದಲಕ್ಕೆ ಎಡೆಯಿಲ್ಲ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಮತ್ತು ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ತಯಾರಿಸುವ ಈ ಯಂತ್ರ 1982ರಲ್ಲಿ ಕೇರಳದ ಪರವೂರಿನಲ್ಲಿ ಮೊದಲು ಬಳಕೆಯಾಗಿ, 2004ರ ಲೋಕಸಭಾ ಚುನಾವಣೆಯಲ್ಲಿ ದೇಶದ ಎಲ್ಲ ಕ್ಷೇತ್ರಗಳಿಗೂ ಬಂತು. ಅದರ ಮುಖವನ್ನು ನೆನಪಿಸಿಕೊಳ್ಳಿ. ಕ್ರಮಸಂಖ್ಯೆ, ಹೆಸರು, ಚಿತ್ರ, ಚಿಹ್ನೆ, ದೀಪ, ನೀಲಿ ಗುಂಡಿ, ಎಲ್ಲವೂ ಒಂದೇ ಅಡ್ಡಸಾಲು. ಒಬ್ಬನ ಸಾಲಿಗೂ ಇನ್ನೊಬ್ಬನ ಸಾಲಿಗೂ ನಡುವೆ ದಪ್ಪ ಗೆರೆ. ಗುಂಡಿಗಳೆಲ್ಲ ಬಲಗಡೆ ಒಂದೇ ಕಂಬದಲ್ಲಿ. ಒತ್ತಿದ ಗುಂಡಿಯ ಸಾಲಿನಲ್ಲೇ ಕೆಂಪು ದೀಪ ಹೊತ್ತುತ್ತದೆ. ಒಂದು ಘಟಕಕ್ಕೆ ಹದಿನಾರು ಸಾಲು. ಅಭ್ಯರ್ಥಿಗಳು ಕಡಿಮೆ ಇದ್ದರೆ ಮಿಕ್ಕ ಗುಂಡಿಗಳನ್ನು ಮುಚ್ಚಿಡುತ್ತಾರೆ. ಗುಂಡಿ ಇದ್ದರೆ ಒತ್ತುವ ಮನಸ್ಸಾಗುವುದು ಮನುಷ್ಯ ಸ್ವಭಾವ.

ಆದರೆ ಹದಿನಾರು ಮೀರಿದ ಕೂಡಲೇ ಹಳೆಯ ಪ್ರಶ್ನೆ ಬೇರೆ ವೇಷದಲ್ಲಿ ಬರುತ್ತದೆ. 2019ರ ಲೋಕಸಭಾ ಚುನಾವಣೆಯಲ್ಲಿ ಬೆಳಗಾವಿಯಲ್ಲಿ 57 ಅಭ್ಯರ್ಥಿಗಳಿದ್ದರು. ನೋಟಾ ಸೇರಿ 58 ಸಾಲು, ಅಂದರೆ ನಾಲ್ಕು ಘಟಕ. ಅದೇ ಚುನಾವಣೆಯಲ್ಲಿ ತೆಲಂಗಾಣದ ನಿಜಾಮಾಬಾದಿನಲ್ಲಿ ಅರಿಸಿನ ಬೆಳೆಗಾರರು ಪ್ರತಿಭಟನೆಗೆ ನಿಂತು ಅಭ್ಯರ್ಥಿಗಳ ಸಂಖ್ಯೆ 185 ಆಗಿ, ಒಂದೊಂದು ಮತಗಟ್ಟೆಗೆ ಹನ್ನೆರಡು ಘಟಕ ಜೋಡಿಸಬೇಕಾಯಿತು. ಪಕ್ಕಪಕ್ಕದ ಪೆಟ್ಟಿಗೆಗಳಲ್ಲಿ ಒಂದೊಂದನ್ನೂ ಕಣ್ಣು ಒಂದೊಂದು ಗುಂಪೆಂದೇ ಎಣಿಸುತ್ತದೆ. ಕಾನೂನಿನ ಪ್ರಕಾರ ಹದಿನಾರನೆಯವನೂ ಹದಿನೇಳನೆಯವನೂ ನೆರೆಹೊರೆ. ಕಣ್ಣಿಗೆ ಮಾತ್ರ ಒಬ್ಬ ಒಂದು ಮನೆಯ ಹೊಸ್ತಿಲಲ್ಲಿ, ಇನ್ನೊಬ್ಬ ಮತ್ತೊಂದು ಮನೆಯ ಮಾಡಿನಲ್ಲಿ.

ಸಾದೃಶ್ಯದ ತೊಡಕುಗಳೂ ಕಡಿಮೆಯಲ್ಲ. ಪ್ರಬಲ ಅಭ್ಯರ್ಥಿಯ ಹೆಸರಿನವನೇ ಇನ್ನೊಬ್ಬನನ್ನು ಹುಡುಕಿ ಕಣಕ್ಕಿಳಿಸುವುದು ನಮ್ಮ ರಾಜಕೀಯದ ಹಳೆಯ ಪಟ್ಟು. ಅದಕ್ಕೆಂದೇ 2015ರಿಂದ ಮತಪತ್ರಕ್ಕೆ ಅಭ್ಯರ್ಥಿಗಳ ಭಾವಚಿತ್ರ ಬಂತು. ಚಿಹ್ನೆಗಳ ಹೋಲಿಕೆ ಇನ್ನೂ ಜಟಿಲ. ತೆಲಂಗಾಣದಲ್ಲಿ ಕಾರಿನ ಚಿಹ್ನೆಯ ಪಕ್ಷ, ರಸ್ತೆ ರೋಲರಿನಂಥ ಚಿಹ್ನೆಗಳನ್ನು ಬೇರೆಯವರಿಗೆ ಕೊಡಬಾರದೆಂದು 2022ರಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತಿತ್ತು. ಬೀದಿಯಲ್ಲಿ ಕಾರನ್ನೂ ರೋಲರನ್ನೂ ಯಾರೂ ಗೊಂದಲ ಮಾಡಿಕೊಳ್ಳುವುದಿಲ್ಲ. ಕಪ್ಪು ಗೆರೆಗಳಲ್ಲಿ ಬರೆದು ಹೆಬ್ಬೆರಳಿನಷ್ಟು ಚೌಕಕ್ಕೆ ಇಳಿಸಿದಾಗ ಎರಡರಲ್ಲೂ ಉಳಿಯುವುದು ಗಾಲಿಯ ಮೇಲೊಂದು ಪೆಟ್ಟಿಗೆ.

2025ರಲ್ಲಿ ಚುನಾವಣಾ ಆಯೋಗ ಮತ್ತೊಮ್ಮೆ ಈ ಕಾಗದವನ್ನು ತಿದ್ದಿತು. ಬಿಹಾರದ ಚುನಾವಣೆಯಿಂದ ಮೊದಲುಗೊಂಡು ಭಾವಚಿತ್ರ ಬಣ್ಣದ್ದಾಯಿತು, ಚಿತ್ರದ ಜಾಗದ ಮುಕ್ಕಾಲು ಪಾಲು ಮುಖವೇ ಇರಬೇಕೆಂದಾಯಿತು, ಕ್ರಮಸಂಖ್ಯೆ 30ರ ಅಳತೆಯ ದಪ್ಪ ಅಚ್ಚಿಗೆ ಬಂತು. ಎಲ್ಲರ ಹೆಸರೂ ಒಂದೇ ಅಕ್ಷರಶೈಲಿ, ಒಂದೇ ಗಾತ್ರದಲ್ಲಿರಬೇಕು ಎಂಬ ಷರತ್ತೂ ಅದರಲ್ಲಿದೆ. ಒಬ್ಬನ ಹೆಸರು ಕೂದಲೆಳೆಯಷ್ಟು ದಪ್ಪವಾದರೂ ಕಣ್ಣು ಮೊದಲು ಹೋಗುವುದು ಅಲ್ಲಿಗೇ.

ಕಣ್ಣು ಕಾಣದವರಿಗೆ ಈ ಯಂತ್ರದಲ್ಲಿ ಇನ್ನೊಂದು ದಾರಿ ಇದೆ. ಮತಗಟ್ಟೆಯ ಅಧಿಕಾರಿ ಅವರ ಕೈಗೆ ಬ್ರೈಲ್ ಲಿಪಿಯ ಮಾದರಿ ಮತಪತ್ರ ಕೊಡುತ್ತಾರೆ. ತನ್ನ ಅಭ್ಯರ್ಥಿಯ ಸಂಖ್ಯೆಯನ್ನು ಬೆರಳಿನಿಂದ ಓದಿಕೊಂಡು, ಮರೆಯ ಹಿಂದೆ ಹೋಗಿ, ಯಂತ್ರದ ಬಲ ಅಂಚಿನಲ್ಲಿ ಬೆರಳು ಇಳಿಸುತ್ತ ಬಂದರೆ ಒಂದೊಂದು ನೀಲಿ ಗುಂಡಿಯ ಮಗ್ಗುಲಲ್ಲೂ ಅದರ ಸಂಖ್ಯೆ ಉಬ್ಬುಚುಕ್ಕಿಗಳಲ್ಲಿ ಸಿಗುತ್ತದೆ. ಆ ಚುಕ್ಕಿಗಳು ಗುಂಡಿಗೆ ಎಷ್ಟು ಹತ್ತಿರವಿವೆಯೆಂದರೆ, ಯಾವುದು ಯಾವುದರದೆಂದು ಬೆರಳು ಎರಡನೇ ಸಲ ಕೇಳಬೇಕಾಗುವುದಿಲ್ಲ.